ಕೋಟಿನ ಸರದಿ

ಹಿಂದಿನ ಓಣಿಯಲ್ಲಿ ಬಕೆಟ್ ಎಂದರೆ ಮನುಷ್ಯ. ಇದು ತಮಾಷೆಯ ಮಾತಲ್ಲ, ಅಲ್ಲಿಯ ಕಾನೂನು.

ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವ ಜನ ಅವರು. ಬೀದಿ ಗುಡಿಸುವವರು, ಮೂಟೆ ಹೊರುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು. ನಲ್ಲಿಯ ಮುಂದೆಯೋ ಕಕ್ಕಸಿನ ಮುಂದೆಯೋ ಬಾಯಿ ಬಿಟ್ಟುಕೊಂಡು ನಿಲ್ಲಲು ಅವರಿಗೆ ಪುರುಸೊತ್ತಿಲ್ಲ. ಅದಕ್ಕೇ ಬಕೆಟ್ ಇಟ್ಟು ಹೋಗುತ್ತಾರೆ. ಬಕೆಟ್ ನಿಂತಿದ್ದರೆ ಆಸಾಮಿ ನಿಂತ ಹಾಗೆ. ಅದನ್ನು ಕಾಲಿನಿಂದ ತಳ್ಳಿದರೆ ಆಸಾಮಿಯನ್ನು ಒದ್ದ ಹಾಗೆ. ಅದನ್ನು ದಾಟಿ ಮುಂದೆ ಹೋದರೆ ಅವತ್ತು ಓಣಿಯಲ್ಲಿ ರಂಪವೋ ರಂಪ. ಷರತ್ತು ಒಂದೇ ಒಂದು. ಸರದಿ ಬಂದಾಗ ಕೂಗುತ್ತಾರೆ. ಕೂಗಿದಾಗ ಬಕೆಟಿನ ಒಡೆಯ ಬರಬೇಕು. ಬರದಿದ್ದರೆ ಬಕೆಟ್ ಸಾಲಿನ ಕೊನೆಗೆ ಹೋಗುತ್ತದೆ. ಅದಕ್ಕೆ ಸಿಟ್ಟಿಲ್ಲ, ಜಗಳವಿಲ್ಲ, ಮೇಲ್ಮನವಿಯೂ ಇಲ್ಲ.

ಈ ಕಾನೂನಿನ ನ್ಯಾಯಾಧೀಶೆ ಕುರ್ಚಿಯಕ್ಕನ ಅತ್ತೆ. ಪ್ರಾಯದಲ್ಲಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು. ಯಾರ್‍ಯಾರದೋ ಮನೆಯ ಮಹಡಿಗಳು ಮೇಲೆದ್ದವು, ಅವಳ ಮಂಡಿಗಳು ಕೆಳಗಿಳಿದವು. ಈಗ ಹೊಸ್ತಿಲ ಮೇಲೆ ಕೂತು ಸಾಲು ಕಾಯುತ್ತಾಳೆ. ಮಂಡಿ ಹೋಗಿದೆ, ಗಂಟಲು ಹೋಗಿಲ್ಲ. ಓಣಿಯ ಆ ತುದಿಯಲ್ಲಿ ಯಾರಾದರೂ ಬಕೆಟ್ ಮುಟ್ಟಿದರೆ ಈ ತುದಿಯಿಂದ ಅವರ ಏಳು ತಲೆಮಾರಿನ ಜಾತಕ ಬಿಚ್ಚುತ್ತಾಳೆ.

ಇನ್ನು ಕುರ್ಚಿಯಕ್ಕ. ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಅವಳು ಕುರ್ಚಿ ಹೊರುತ್ತಾಳೆ. ಮಡಚುವ ಕಬ್ಬಿಣದ ಕುರ್ಚಿಗಳು. ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಒಂದರ ಮೇಲೊಂದು ಪೇರಿಸಿ, ಕುತ್ತಿಗೆ ಅಲ್ಲಾಡಿಸದೆ ನಡೆಯಬೇಕು. ಮಡಚುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಉಗುರು ಕಪ್ಪಾಗುತ್ತದೆ, ಬೀಳುತ್ತದೆ, ಮತ್ತೆ ಬರುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಊರಿನಲ್ಲಿ ಯಾರ ಬೆನ್ನು ಎಲ್ಲಿ ಒರಗಿದರೂ ಅದಕ್ಕೂ ಮೊದಲು ಆ ಕುರ್ಚಿ ಅವಳ ತಲೆಯ ಮೇಲಿತ್ತು. ಆದರೆ ಅಂಗಡಿಯ ಯಜಮಾನನ ನಿಯಮ ಕಟ್ಟುನಿಟ್ಟು. ಹೊರುವವರು ಕೂರುವ ಹಾಗಿಲ್ಲ. ಹೊರುವವರು ಕೂತರೆ ಕುರ್ಚಿಯ ಮರ್ಯಾದೆ ಹೋಗುತ್ತದಂತೆ. ಕಬ್ಬಿಣಕ್ಕೆ ಇರುವ ಮರ್ಯಾದೆ ನೋಡಿ.

ಓಣಿಯ ಕಕ್ಕಸಿನ ಕಥೆ ಹೀಗಿದೆ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿದರು. ಬಿಳಿ ಟೈಲ್ಸು, ಒಳಗೆ ನಲ್ಲಿ, ಬಾಗಿಲಿಗೆ ಒಳಚಿಲಕ. ಗೋಡೆಯ ಮೇಲೆ ವಾರ್ಡ್ ಮೆಂಬರ್ ಸಾಹೇಬರ ನಗುಮುಖವನ್ನು ಬಣ್ಣದಲ್ಲಿ ಬರೆಸಿದರು. ಹೊರಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದರು. ರಿಬ್ಬನಿನ ಹಿಂದೆ ಬೀಗ ಜಡಿದರು. ಉದ್ಘಾಟನೆ ಆಗದೆ ಬೀಗ ತೆಗೆಯುವ ಹಾಗಿಲ್ಲ. ಮೆಂಬರ್ ಬಾರದೆ ಉದ್ಘಾಟನೆ ಇಲ್ಲ. ಮೆಂಬರಿಗೆ ಪುರುಸೊತ್ತಿಲ್ಲ. ಕೆಂಪು ರಿಬ್ಬನ್ ಬಿಸಿಲಿಗೆ ಗುಲಾಬಿಯಾಯಿತು, ಆಮೇಲೆ ಯಾವ ಬಣ್ಣವೂ ಅಲ್ಲದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತು ಬಾಯಿಗೆ ಬಂದಿತ್ತು. ಮುಂದಿನ ದಾರಿಗೆ ಬೀಗ ಬಿದ್ದಿತ್ತು.

ಹಲವು ಸಲ ಉದ್ಘಾಟನೆಗೆ ದಿನ ಗೊತ್ತಾಯಿತು. ಪ್ರತಿ ಸಲ ಕುರ್ಚಿಯಕ್ಕನೇ ಕುರ್ಚಿ ಹೊತ್ತು ತಂದು, ಕಕ್ಕಸಿನ ಮುಂದೆ ಹಾಕಿ, ಬಟ್ಟೆಯಿಂದ ಒರೆಸಿ ನಿಂತಳು. ಪ್ರತಿ ಸಲ ಮೆಂಬರ್ ಸಾಹೇಬರ ಪಿಎ ಮೊಬೈಲ್ ಕಿವಿಗೆ ಒತ್ತಿಕೊಂಡು, "ಎರಡೇ ನಿಮಿಷ, ಬಂದೇ ಬಿಟ್ರು" ಎಂದ. ಬಿಸಿಲಿಗೆ ಕುರ್ಚಿ ಕಾದು ಕಾವಲಿಯಾಯಿತು. ಸಂಜೆ ಅವಳು ಅದೇ ಕುರ್ಚಿಗಳನ್ನು ಮಡಚಿ ಹೊತ್ತು ಹೋದಳು. ಯಾರೂ ಕೂರದ ಕುರ್ಚಿ, ಯಾಕೋ ಏನೋ, ಹೆಚ್ಚು ಭಾರ.

ಅಲ್ಲಿಯವರೆಗೆ ಓಣಿಯ ಜನ ಹೋಗುತ್ತಿದ್ದದ್ದು ಗೋಡೌನಿನ ಹಿಂದಿನ ಬಯಲಿಗೆ. ಚರಂಡಿಯ ಮೇಲೆ ಹಾಕಿದ ಹಲಗೆ ದಾಟಿ ಹೋಗಬೇಕು. ಕೂತ ಕೂಡಲೇ ಗೋಡೌನಿನ ಕಾವಲುಗಾರ ಸೀಟಿ ಊದುತ್ತಾನೆ. ಹೆಂಗಸರು ಧಡಕ್ಕನೆ ಎದ್ದು ನಿಲ್ಲಬೇಕು. ಅವನು ಅತ್ತ ತಿರುಗಿದ ಮೇಲೆ ಕೂರಬೇಕು. ಮತ್ತೆ ಸೀಟಿ, ಮತ್ತೆ ಏಳಬೇಕು. ಶಾಲೆಯ ಡ್ರಿಲ್ ಮೇಷ್ಟ್ರಾದರೂ ಇಷ್ಟು ಬಸ್ಕಿ ಹೊಡೆಸಿರಲಿಕ್ಕಿಲ್ಲ. ನಗು ಬರುತ್ತದೆ ಅಲ್ಲವೇ? ಅಲ್ಲಿ ಕೂತವರಿಗೆ ಬರುತ್ತಿರಲಿಲ್ಲ.

ಅತ್ತೆ ಒಂದು ದಿನ ಆ ಹಲಗೆಯಿಂದ ಜಾರಿ ಚರಂಡಿಗೆ ಬಿದ್ದಳು. ಮೇಲಕ್ಕೆತ್ತುವಾಗಲೂ ಕಾವಲುಗಾರ ಸೀಟಿ ಊದುತ್ತಲೇ ಇದ್ದ. ಅವತ್ತಿನಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಬೆಳಗ್ಗೆ ಒಂದು ಗುಟುಕು, ಅಷ್ಟೇ. ತುಟಿ ಒಡೆಯಿತು. ನಾಲಿಗೆ ಅಂಟಿಕೊಂಡು ಬೈಗುಳ ಕೂಡ ಅರ್ಧಕ್ಕೆ ನಿಲ್ಲತೊಡಗಿತು.

"ಒಂದು ಲೋಟ ಕುಡೀರಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

"ಕುಡಿದ್ರೆ ಹೋಗ್ಬೇಕಲ್ಲೇ. ಎಲ್ಲಿಗೆ ಹೋಗ್ಲಿ? ನಿನ್ನ ಕುರ್ಚಿ ಮೇಲಾ?"

ಈ ಬೀಗ ಬಿಚ್ಚದಿದ್ದರೆ ಅತ್ತೆ ಒಣಗಿ ಸಾಯುತ್ತಾಳೆ. ಕುರ್ಚಿಯಕ್ಕನಿಗೆ ರಾಜಕೀಯ ಗೊತ್ತಿರಲಿಲ್ಲ. ಇದು ಗೊತ್ತಿತ್ತು.

ಮೇಲಿನ ರಸ್ತೆಯ ಸಮುದಾಯ ಭವನದಲ್ಲಿ ಮೆಂಬರ್ ಸಾಹೇಬರು ಆಗಾಗ ಜನರ ಅಹವಾಲು ಕೇಳುವ ಸಭೆ ನಡೆಸುತ್ತಿದ್ದರು. ನಡೆಸುತ್ತಿದ್ದರು ಎಂದರೆ ಅವರ ಕೋಟು ನಡೆಸುತ್ತಿತ್ತು. ಸಾಹೇಬರಿಗೆ ಒಂದೇ ಹೊತ್ತಿಗೆ ಮೂರು ಕಡೆ ಸಭೆ, ಅದಕ್ಕೇ ಮೂರು ಕೋಟು. ಕಪ್ಪು ಕೋಟು ನಗರಸಭೆಯ ಕಚೇರಿಯಲ್ಲಿ, ನೀಲಿ ಕೋಟು ದೊಡ್ಡವರ ಕ್ಲಬ್ಬಿನಲ್ಲಿ, ಬೂದು ಕೋಟು ಈ ಭಾಗದ ಜನರಿಗೆ. ಪಿಎ ಬೂದು ಕೋಟನ್ನು ತಂದು ವೇದಿಕೆಯ ಕುರ್ಚಿಯ ಬೆನ್ನಿಗೆ ತೊಡಿಸುತ್ತಿದ್ದ. ಭುಜ ಸರಿಪಡಿಸುತ್ತಿದ್ದ. ಕಾಲರಿನ ಧೂಳು ಹೊಡೆಯುತ್ತಿದ್ದ. ಮುಂದೆ ಒಂದು ಲೋಟ ನೀರೂ ಇಡುತ್ತಿದ್ದ.

"ಸಾಹೇಬರು ಇಲ್ಲೇ ಇದ್ದಾರೆ, ಕೋಟು ಇದೆಯಲ್ಲ. ಹೇಳಿ ಹೇಳಿ."

ಜನ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವರು ಪಾರಿವಾಳದ ಮೇಷ್ಟ್ರು. ನಿವೃತ್ತರು. ಅವರ ಮನೆಯ ಬಾಲ್ಕನಿಗೆ ಪಾರಿವಾಳ ಬಂದು ಗಲೀಜು ಮಾಡುತ್ತವೆ ಎನ್ನುವುದೇ ಅವರ ಜೀವಮಾನದ ಅಹವಾಲು. ಪ್ರತಿ ಸಭೆಯಲ್ಲೂ ಎದ್ದು ಕೋಟಿಗೆ ಕೈಮುಗಿದು, ಪಾರಿವಾಳ ಕೂರುವ ರೀತಿಯನ್ನು ಕತ್ತು ಕೊಂಕಿಸಿ ತೋರಿಸುತ್ತಿದ್ದರು. ಕೋಟು ಕದಲುತ್ತಿರಲಿಲ್ಲ.

"ಸಾಹೇಬರು ಗಮನಕ್ಕೆ ತಗೊಂಡಿದ್ದಾರೆ" ಎನ್ನುತ್ತಿದ್ದ ಪಿಎ.

ಒಂದು ಸಭೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದ ಕುರ್ಚಿಯಕ್ಕನಿಗೆ ತಡೆಯಲಾಗಲಿಲ್ಲ. "ಸಾರ್, ನಮ್ಮ ಓಣಿ ಕಕ್ಕಸಿನ ಬೀಗ..." ಎಂದಳು.

ಪಿಎ ತಿರುಗಿದ. "ನೀನು ಕುರ್ಚಿಯವಳಲ್ವಾ? ಕುರ್ಚಿ ಹೊರೋರಿಗೆ ಇಲ್ಲಿ ಮಾತಿಲ್ಲ. ಕುರ್ಚಿ ಮೇಲೆ ಕೂತೋರಿಗೆ ಮಾತ್ರ."

ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅವಳು ಕೂತಳು. ಹೇಳಿದ್ದನ್ನೇ ಮಾಡಿದ್ದಳು.

"ಏಯ್, ಎದ್ದೇಳು! ಏಳು ಮೊದಲು! ಇದು ನಾಗರಿಕರ ಸೀಟು!"

ಪಕ್ಕದ ಹೆಂಗಸು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕುರ್ಚಿಯಕ್ಕ ಎದ್ದಳು. ಎದ್ದವಳು ಆ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಯಾಕೆ ಒರೆಸಿದೆ ಎಂದು ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಳು.

ಪಿಎಗೆ ಸ್ವಲ್ಪ ಕನಿಕರ ಬಂತೋ ಏನೋ. ಮೂಗಿಗೆ ತುಪ್ಪ ಸವರಿದ. "ನೋಡಮ್ಮ, ನಿಮ್ಮ ಓಣಿಯವರೇ ಬರ್ಲಿ. ಮುಂದಿನ ಸಭೆಗೆ ಬಂದು, ಕುರ್ಚಿ ಹಿಡಿದು ಕೂರ್ಲಿ. ಕುರ್ಚಿ ತುಂಬಿದ್ರೆ ಸಾಹೇಬರು ಕೇಳದೆ ಇರ್ತಾರಾ?"

ಸಭೆ ಇಟ್ಟದ್ದು ದುಡಿಯುವ ದಿನ, ದುಡಿಯುವ ಹೊತ್ತಿನಲ್ಲಿ. ಓಣಿಯಲ್ಲಿ ಯಾರು ರಜೆ ಹಾಕುತ್ತಾರೆ? ಮೂಟೆಗೆ ರಜೆ ಇಲ್ಲ, ಕಸಕ್ಕೆ ರಜೆ ಇಲ್ಲ, ಎಂಜಲು ತಟ್ಟೆಗಂತೂ ಇಲ್ಲವೇ ಇಲ್ಲ. ಕುರ್ಚಿಯಕ್ಕ ಮನೆಗೆ ಬಂದು ಸಿಂಬಿಯನ್ನು ಮೂಲೆಗೆ ಎಸೆದು ಎಲ್ಲವನ್ನೂ ಹೇಳಿದಳು. ಕೋಟಿನ ವಿಷಯ ಬಂದಾಗ ಅತ್ತೆ ಕೈ ಎತ್ತಿ ನಿಲ್ಲಿಸಿದಳು.

"ಏನಂದೆ? ಕೋಟಾ?"

"ಹೂಂ ಅತ್ತೆ. ಕುರ್ಚಿ ಬೆನ್ನಿಗೆ ಹಾಕ್ತಾರೆ."

"ಒಳಗೆ ಆಸಾಮಿ?"

"ಇಲ್ಲ."

"ಬರೀ ಕೋಟು?"

"ಬರೀ ಕೋಟು. ಕೋಟು ಇದ್ರೆ ಸಾಹೇಬರು ಇದ್ದ ಹಾಗಂತೆ."

ಅತ್ತೆಗೆ ಸಿಟ್ಟು ಬರಲಿಲ್ಲ. ಅವಳಿಗೆ ಅದು ತೀರಾ ನ್ಯಾಯವಾಗಿಯೇ ಕಂಡಿತು. ಓಣಿಯ ಕಾನೂನು ಮೇಲಿನ ರಸ್ತೆಗೂ ತಲುಪಿದೆಯಲ್ಲ ಎಂದು ಒಂದು ಕ್ಷಣ ಹೆಮ್ಮೆಪಟ್ಟಳು. ಆಮೇಲೆ ಒಡೆದ ತುಟಿ ಅಗಲವಾಯಿತು.

"ಅವರ ಕೋಟು ಬರಬಹುದಾದ್ರೆ ನಮ್ಮ ಬಕೆಟ್ ಬರಬಾರ್ದಾ?"

ಸಭೆಯ ದಿನ ಓಣಿಯ ತಳ್ಳುಗಾಡಿಯವನು ತರಕಾರಿ ಇಳಿಸಿ ಬಕೆಟ್ ಏರಿಸಿದ. ಬಾಯಿಬಡುಕ, ಆದರೆ ಗಟ್ಟಿ ಆಳು. ಬಕೆಟ್ಟುಗಳ ಮೇಲೆ ಅತ್ತೆಯನ್ನೂ ಕೂರಿಸಿಕೊಂಡ. ಕುರ್ಚಿಯಕ್ಕ ಮೊದಲೇ ಹೋಗಿ ಎಂದಿನಂತೆ ಕುರ್ಚಿ ಹಾಕಿ ಮುಗಿಸಿದ್ದಳು. ಭವನದ ಬಾಗಿಲು ಜನರಿಗೆ ತೆರೆದದ್ದೇ ತಡ, ಒಂದೊಂದು ಕುರ್ಚಿಗೆ ಒಂದೊಂದು ಬಕೆಟ್ ಇಟ್ಟಳು. ಮೂಟೆಯವರ ಸೊಟ್ಟ ಬಕೆಟ್. ಬಣ್ಣ ಬಳಿಯುವವನ ಪೇಂಟ್ ಡಬ್ಬ. ಹಿಡಿ ಮುರಿದು ಹಗ್ಗ ಕಟ್ಟಿದ ಬಾಣಂತಿಯ ಬಕೆಟ್. ಅದಕ್ಕೆ ಗಾಳಿ ತಾಗದ ಮೂಲೆಯ ಸೀಟು. ಪಾತ್ರೆ ತೊಳೆಯುವ ಅಕ್ಕ ತಂಗಿಯರ ಎರಡು ಕೆಂಪು ಬಕೆಟ್ ಅಕ್ಕಪಕ್ಕ, ಅವರು ಒಬ್ಬರನ್ನೊಬ್ಬರು ಬಿಟ್ಟಿರುವವರಲ್ಲ.

ಮೇಲಿನ ರಸ್ತೆಯವರು ಬಂದು ನೋಡಿದರೆ ಕುರ್ಚಿಯೆಲ್ಲ ಭರ್ತಿ. ಪಾರಿವಾಳದ ಮೇಷ್ಟ್ರು ಮುಂದಿನ ಸಾಲಿನ ಒಂದು ಬಕೆಟಿನ ಹಿಡಿಗೆ ಕೈ ಹಾಕಿದರು.

"ಕೈ ತೆಗೀರಿ ಮೇಷ್ಟ್ರೇ!" ಎಂದು ಅತ್ತೆಯ ಗಂಟಲು ಸಿಡಿಯಿತು. "ಅವನು ಮದುವೆಯಾದ ಗಂಡಸು, ಹಾಗೆಲ್ಲ ಮುಟ್ಟಬಾರ್ದು!"

ಮೇಷ್ಟ್ರು ಕೈ ತೆಗೆದರು. ಅಭ್ಯಾಸಬಲದಿಂದ ಬಕೆಟಿಗೆ "ಸಾರಿ" ಎಂದೂ ಅಂದರು.

ಅಷ್ಟರಲ್ಲಿ ಪಿಎ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದ. ಕೋಟನ್ನು ಕುರ್ಚಿಗೆ ತೊಡಿಸಿದ, ನೀರು ಇಟ್ಟ, ಸಭೆಯ ಕಡೆ ತಿರುಗಿದ.

"ಏನಿದು?"

"ನಮ್ಮ ಓಣಿಯವರು" ಎಂದಳು ಕುರ್ಚಿಯಕ್ಕ. "ನೀವೇ ಬರ್ಲಿ ಅಂದ್ರಲ್ಲ. ಕುರ್ಚಿ ತುಂಬಿದೆ. ಈಗ ಕೇಳಿ."

"ತಲೆ ಕೆಟ್ಟಿದೆಯಾ? ಬಕೆಟ್ ಮಾತಾಡುತ್ತಾ?"

"ಕೋಟು ಕೇಳುತ್ತಾ?" ಎಂದಳು ಅತ್ತೆ.

ಪಿಎ ಗಂಟಲು ಸರಿಮಾಡಿಕೊಂಡ. "ಕೋಟು ಬೇರೆ, ಬಕೆಟ್ ಬೇರೆ. ಕೋಟು ಅಂದ್ರೆ ಸಾಹೇಬರೇ. ಕೋಟಿಗೆ ಹೇಳಿದ್ರೆ ಸಾಹೇಬರಿಗೆ ಹೇಳಿದ ಹಾಗೆ. ಕೋಟು ಬಂದ್ರೆ ಸಾಹೇಬರು ಬಂದ ಹಾಗೆ. ಅರ್ಥ ಆಯ್ತಾ?"

"ಹಾಗಂತ ಎಲ್ಲರ ಮುಂದೆ ಹೇಳ್ತಿದ್ದೀರಲ್ಲ?" ಎಂದಳು ಅತ್ತೆ.

"ಹೇಳ್ತಿದ್ದೀನಿ! ಯಾರ ಮುಂದೆ ಬೇಕಾದ್ರೂ ಹೇಳ್ತೀನಿ!"

"ಮೇಷ್ಟ್ರೇ, ಕೇಳಿದ್ರಾ?"

"ಕೇಳಿದೆ" ಎಂದರು ಪಾರಿವಾಳದ ಮೇಷ್ಟ್ರು. ಇಷ್ಟು ಕಾಲ ಆ ಕೋಟಿನ ಮುಂದೆ ಕತ್ತು ಕೊಂಕಿಸಿ ಕೊಂಕಿಸಿ ಅವರ ಕತ್ತು ಉಳುಕಿತ್ತು. ಅವರ ದನಿಯಲ್ಲಿ ಏನೋ ಒಂದು ಹಳೆಯ ಲೆಕ್ಕ ತೀರಿಸುವ ಹುರುಪಿತ್ತು. "ಸ್ಪಷ್ಟವಾಗಿ ಕೇಳಿದೆ."

ಅತ್ತೆ ಸೊಸೆಗೆ ಕಣ್ಣು ಹೊಡೆದಳು. "ಸಾಹೇಬರನ್ನ ಕರ್ಕೊಂಡು ನಡಿಯೇ. ಉದ್ಘಾಟನೆಗೆ ಹೊತ್ತಾಯ್ತು."

ಕುರ್ಚಿಯಕ್ಕ ವೇದಿಕೆ ಹತ್ತಿದಳು. ಸಿಂಬಿಯನ್ನು ತಲೆಗೆ ಇಟ್ಟಳು. ಕೋಟು ಸಮೇತ ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಸಾಹೇಬರು ಅಲ್ಲಾಡದೆ ಕೂತರು. ನಿಜವಾದ ಸಾಹೇಬರಾಗಿದ್ದರೆ ಅಷ್ಟು ಲಕ್ಷಣವಾಗಿ ಕೂರುತ್ತಿರಲಿಲ್ಲ. ಅವಳು ಕುತ್ತಿಗೆ ಅಲ್ಲಾಡಿಸದೆ ಮೆಟ್ಟಿಲಿಳಿದು ಬೀದಿಗೆ ಬಂದಳು. ಹಿಂದೆ ತಳ್ಳುಗಾಡಿ, ಗಾಡಿಯ ಮೇಲೆ ಅತ್ತೆ ಮತ್ತು ಬಕೆಟ್ಟುಗಳು. ಅದರ ಹಿಂದೆ ಏನಾಗುತ್ತದೋ ನೋಡೋಣ ಎಂದು ಮೇಷ್ಟ್ರು. ಎಲ್ಲರ ಹಿಂದೆ ಪಿಎ, ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಸಾಹೇಬರ ನೀರಿನ ಲೋಟ.

"ಸಾರ್! ಸಾರ್, ನಿಮ್ಮನ್ನ ಎತ್ಕೊಂಡು ಹೋಗ್ತಿದ್ದಾರೆ! ಅಲ್ಲ ಸಾರ್, ನೀವಲ್ಲ, ನಿಮ್ಮ ಕೋಟು. ಬೂದು ಸಾರ್. ಉದ್ಘಾಟನೆಗಂತೆ ಸಾರ್. ನೀವೇ ಮಾಡ್ತಿದ್ದೀರಿ ಸಾರ್, ನಿಮಗೇ ಗೊತ್ತಿಲ್ಲ!"

ಕಕ್ಕಸಿನ ಮುಂದೆ ಕುರ್ಚಿ ಇಳಿಯಿತು. ಬೀಗ ಹೇಗೆ ತೆಗೆಯುವುದು ಎಂದು ಯಾರೂ ಯೋಚಿಸಿರಲಿಲ್ಲ. ತಳ್ಳುಗಾಡಿಯವನು ಒಂದು ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಕೋಟಿನ ಭುಜ ಸರಿಪಡಿಸುತ್ತಿದ್ದ ಕುರ್ಚಿಯಕ್ಕನ ಕೈಗೆ ಏನೋ ಗಟ್ಟಿಯಾಗಿ ತಾಗಿತು. ಒಳಜೇಬಿಗೆ ಕೈ ಹಾಕಿದಳು. ಬೀಗದ ಕೈ.

ಪಿಎ ಲೋಟದ ನೀರನ್ನು ತಾನೇ ಕುಡಿದ.

ಅವಳು ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಪ್ರತಿ ಸಭೆಗೂ ಇದು ಬಂದಿತ್ತು. ಅವಳೇ ಹೊತ್ತು ತಂದ ಕುರ್ಚಿಯ ಬೆನ್ನಿಗೆ ನೇತಾಡಿತ್ತು. ಅವಳು ಗೋಡೆಗೆ ಒರಗಿ ಬೇಡಿಕೊಂಡಾಗ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಇತ್ತ ಅತ್ತೆ ಒಣಗುತ್ತಿದ್ದಳು. ಅತ್ತ ಇದು ಜೇಬಿನಲ್ಲಿ ತಣ್ಣಗೆ ಕೂತಿತ್ತು. ಅವಳಿಗೆ ಅಳು ಬಂತು. ಅಳಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

"ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರೆ" ಎಂದು ಪಿಎಯ ಮುಖ ನೋಡಿದಳು. "ನೀನು ವರಾನೇ ಜೇಬಲ್ಲಿಟ್ಕೊಂಡು ಓಡಾಡಿದ್ದೀಯ."

ಆದರೂ ಕ್ರಮ ಎಂದರೆ ಕ್ರಮ. ರಿಬ್ಬನ್ ಕತ್ತರಿಸಬೇಕು, ಅದೂ ಸಾಹೇಬರ ಕೈಯಿಂದಲೇ. ಯಾರೋ ಕತ್ತರಿ ತಂದರು. ತಳ್ಳುಗಾಡಿಯವನು ಕುರ್ಚಿಯ ಹಿಂದೆ ಕುಕ್ಕರಿಸಿ, ಕೋಟಿನ ಬಲತೋಳಿನೊಳಗೆ ತನ್ನ ಕೈ ತೂರಿಸಿ, ಕತ್ತರಿ ಹಿಡಿದ. ಹಿಡಿದವನಿಗೆ ಅದೇನು ಉಮೇದು ಬಂತೋ, "ಈ ಸುಸಂದರ್ಭದಲ್ಲಿ ನನ್ನ ಪ್ರೀತಿಯ ಮತದಾರ ಬಾಂಧವರೇ..." ಎಂದು ಶುರುಮಾಡಿದ.

"ಭಾಷಣ ಬೇಡ ಕಣೋ" ಎಂದಳು ಅತ್ತೆ. "ಅರ್ಜೆಂಟಿದೆ."

ಬಣ್ಣವಿಲ್ಲದ ರಿಬ್ಬನ್ ತುಂಡಾಯಿತು. ಕುರ್ಚಿಯಕ್ಕ ಬೀಗ ತೆಗೆದಳು. ಕೋಟಿನ ಒಂದು ತೋಳು ಇನ್ನೊಂದಕ್ಕೆ ಬಡಿದು ಚಪ್ಪಾಳೆ ತಟ್ಟಿತು.

ಬಾಗಿಲು ತೆರೆದರೂ ಅತ್ತೆ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತು, "ಮೊದಲು ನೀರು ಕೊಡೇ" ಎಂದಳು.

ಕುರ್ಚಿಯಕ್ಕ ಮನೆಗೆ ಓಡಿ ಚೊಂಬು ತಂದಳು. ಅತ್ತೆ ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದಳು. ನೀರು ಗಲ್ಲದ ಮೇಲೆ ಹರಿದು ಕುಪ್ಪಸ ನೆನೆಯಿತು. ಗಂಟಲಿನ ಚರ್ಮ ಮೇಲೆ ಕೆಳಗೆ ಆಡಿತು. ಚೊಂಬು ಖಾಲಿ ಮಾಡಿ ಉಸಿರು ಬಿಟ್ಟಳು.

"ಇನ್ನೊಂದು."

ಇನ್ನೊಂದನ್ನೂ ಕುಡಿದಳು. ನೋಡುತ್ತಿದ್ದ ಪಾರಿವಾಳದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಬಾಯಾರಿಕೆಯನ್ನು ಅವರು ತಮ್ಮ ಬೀದಿಯ ಹಿಂದೆಯೇ ಇಟ್ಟುಕೊಂಡು, ಪಾರಿವಾಳದ ಮಾತಾಡುತ್ತಿದ್ದರು. ಅತ್ತೆ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಕೂಗು.

"ಏನೇ! ಕೂರೋ ಥರದ್ದು ಕಣೇ! ಮಂಡಿ ಮಡಚೋದೇ ಬೇಡ! ನೀನು ಹೊರದೇ ಇರೋ ಕುರ್ಚಿ ಕಣೇ ಇದು!"

ಅಷ್ಟರಲ್ಲಿ ಕೆಲಸ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಸೇರಿದರು. ಬಕೆಟ್ಟುಗಳು ಗಾಡಿಯಿಂದ ಇಳಿದು ಸಾಲಾಗಿ ನಿಂತವು. ಅತ್ತೆ ಹೊರಬಂದರೆ ಕೂರಲು ಕುರ್ಚಿ ಬೇಕೆಂದು ಕೋಟನ್ನು ತೆಗೆದ ತಳ್ಳುಗಾಡಿಯವನು, ಅದನ್ನು ನೆಲಕ್ಕೆ ಹಾಕಲು ಮನಸ್ಸಾಗದೆ, ಮಡಚಿ ಸಾಲಿನ ಕೊನೆಯ ಬಕೆಟಿನ ಹಿಂದೆ ಒಂದು ಕಲ್ಲಿನ ಮೇಲೆ ಇಟ್ಟ. "ಸಾಹೇಬರಿಗೂ ಜಾಗ ಇರ್ಲಿ ಪಾಪ" ಎಂದ.

ಓಣಿಯ ತುದಿಯಲ್ಲಿ ಕಾರು ನಿಂತಿತು. ಒಳಗೆ ಬರುವಷ್ಟು ಓಣಿ ಅಗಲವಿರಲಿಲ್ಲ. ಮೆಂಬರ್ ಸಾಹೇಬರು ಇಳಿದು, ಪ್ಯಾಂಟು ಎತ್ತಿ ಹಿಡಿದು, ಚರಂಡಿ ಹಾರಿ, ಸಾಲಿನ ಕೊನೆಯವರೆಗೆ ಬಂದರು. ಹಿಂದೆ ಫೋಟೋಗ್ರಾಫರ್. ಕೋಟಿಲ್ಲದ ಸಾಹೇಬರು ಸಣ್ಣಗೆ, ಬೋಳಾಗಿ, ಬೆವರುತ್ತಿದ್ದರು.

"ಸಾಹೇಬರು ಬಂದ್ರು, ದಾರಿ ಬಿಡಿ!" ಎಂದ ಪಿಎ.

"ಸಾಹೇಬರು ಆಗ್ಲೇ ಬಂದಾಯ್ತಲ್ಲ" ಎಂದ ತಳ್ಳುಗಾಡಿಯವನು, ಕೋಟು ತೋರಿಸಿ. "ಅಗೋ, ಸಾಲಲ್ಲಿ. ಇವರ್‍ಯಾರು?"

"ಏನು ಹುಡುಗಾಟ ಇದು! ನಾನೇ ಮೆಂಬರ್!"

ಓಣಿಯ ಜನ ಗೋಡೆಯ ಮೇಲಿನ ಚಿತ್ರ ನೋಡಿದರು, ಇವರನ್ನು ನೋಡಿದರು. ಗೋಡೆಯವರಿಗೆ ತಲೆತುಂಬ ಕೂದಲಿತ್ತು. ಮೂಟೆಯವನು ಸಂಕೋಚದಿಂದ ತಲೆ ಕೆರೆದುಕೊಂಡ. "ಇರಬಹುದು ಸ್ವಾಮಿ. ನಾವು ನಿಮ್ಮನ್ನ ನೋಡಿದ್ದೇ ಇಲ್ಲ. ಹೇಗೆ ನಂಬೋದು?"

ಅವನು ಗೇಲಿ ಮಾಡಲಿಲ್ಲ. ನಿಜವಾಗಿಯೂ ನೋಡಿರಲಿಲ್ಲ.

ಮೆಂಬರ್ ಸಾಹೇಬರು ಗೆದ್ದು ಬಂದವರು. ಸಿಟ್ಟು ನುಂಗುವ ವಿದ್ಯೆ ಗೊತ್ತು. ನಗು ತಂದುಕೊಂಡರು. ಆ ನಗು ಮಾತ್ರ ಗೋಡೆಯದ್ದನ್ನು ಹೋಲುತ್ತಿತ್ತು. "ಸರಿ ಸರಿ, ಖುಷಿ ಆಯ್ತು. ಈಗ ಏನು ಮಾಡೋಣ ಅಂದ್ರೆ, ಎಲ್ಲಾ ಸ್ವಲ್ಪ ಆಚೆ ಬನ್ನಿ. ಬಾಗಿಲು ಹಾಕಿ, ಬೀಗ ಹಾಕಿ, ಹೊಸ ರಿಬ್ಬನ್ ಕಟ್ಟೋಣ. ನಾನು ಬಿಚ್ತೀನಿ. ಒಂದು ಫೋಟೋ. ಎರಡೇ ನಿಮಿಷ."

ಎರಡೇ ನಿಮಿಷ.

ಕುರ್ಚಿಯಕ್ಕ ಆ ಎರಡು ನಿಮಿಷವನ್ನು ಬಲ್ಲಳು. ಆ ಎರಡು ನಿಮಿಷದಲ್ಲಿ ಕುರ್ಚಿ ಕಾದು ಕಾವಲಿಯಾಗಿತ್ತು. ಆ ಎರಡು ನಿಮಿಷದಲ್ಲಿ ರಿಬ್ಬನ್ನಿನ ಬಣ್ಣ ಹೋಗಿತ್ತು, ಅತ್ತೆಯ ತುಟಿ ಒಡೆದಿತ್ತು.

"ಆಗಲ್ಲ" ಎಂದಳು.

"ಏನಮ್ಮ?"

"ಬೀಗ ಹಾಕಲ್ಲ. ಒಳಗೆ ನಮ್ಮತ್ತೆ ಇದ್ದಾರೆ."

"ಅವರನ್ನ ಆಚೆ ಕರೆಯಮ್ಮ."

"ಕರೆಯಲ್ಲ. ಅವರನ್ನ ಸೀಟಿ ಊದಿ ಊದಿ ಎಬ್ಬಿಸಿದ್ದು ಸಾಕು. ಇವತ್ತು ಅವರಿಗೆ ಸಾಕು ಅನ್ನಿಸಿದಾಗ ಏಳ್ತಾರೆ."

ಪಿಎ ಬೀಗಕ್ಕೆ ಕೈ ಹಾಕಲು ಮುಂದೆ ಬಂದ. ಕುರ್ಚಿಯಕ್ಕ ಖಾಲಿ ಕುರ್ಚಿಯನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟಳು. ಕೂತಳು. ಬೆನ್ನನ್ನು ಪೂರ್ತಿ ಒರಗಿಸಿದಳು. ಕಬ್ಬಿಣ ಕಿರ್ ಎಂದಿತು.

"ಏಯ್, ಎದ್ದೇಳು!" ಎಂದ ಪಿಎ. ಹಳೆಯ ಅಭ್ಯಾಸ.

"ಏಳಲ್ಲ. ನೀವು ಕೂರದ ಕುರ್ಚೀನ ನಾನು ಹೊತ್ತು ಹೊತ್ತು ತಂದೆ, ಹೊತ್ತು ಹೊತ್ತು ಹೋದೆ. ಒಂದು ದಿನಾನಾದ್ರೂ ಬಂದು ಕೂತಿದ್ರೆ ಈ ಬೀಗ ಬಿಚ್ಚುತ್ತಿತ್ತು. ನೀವು ಕೂರಲಿಲ್ಲ. ಈಗ ನಾನು ಕೂತಿದ್ದೀನಿ. ಬೀಗ ಹಾಕೋದಾದ್ರೆ ನನ್ನ ಸಮೇತ ಹಾಕಿ."

ಅವಳ ಕಾಲು ನಡುಗುತ್ತಿತ್ತು. ಕೂತಿದ್ದರಿಂದ ಯಾರಿಗೂ ಕಾಣಲಿಲ್ಲ. ಕುರ್ಚಿಯಿಂದ ಆಗುವ ಉಪಯೋಗ ಇದು ಎಂದು ಅವಳಿಗೆ ಅವತ್ತು ತಿಳಿಯಿತು.

ಮೂಟೆಯವನು ಬಂದು ಅವಳ ಪಕ್ಕ ನಿಂತ. ಪಾತ್ರೆ ತೊಳೆಯುವ ಅಕ್ಕ ತಂಗಿಯರು ಬಂದು ನಿಂತರು. ಪಾರಿವಾಳದ ಮೇಷ್ಟ್ರು, ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ, ಬಣ್ಣದ ಡಬ್ಬದ ಪಕ್ಕ ನಿಂತರು. ಬಾಗಿಲಿನ ಒಳಗಿಂದ ಕೇಳಿಸಿತು.

"ಯಾರೇ ಅದು ಗಲಾಟೆ ಮಾಡೋದು?"

"ಮೆಂಬರ್ರು ಅತ್ತೆ. ಒಳಗೆ ಬರ್ಬೇಕಂತೆ."

"ಸಾಲಲ್ಲಿ ಬರೋಕೆ ಹೇಳು!"

ಓಣಿ ನಕ್ಕಿತು. ಪೇಟೆಯಲ್ಲಿ ನಗುವ ಹಾಗಲ್ಲ, ಹೊಟ್ಟೆ ಹಿಡಿದುಕೊಂಡು, ಬಕೆಟ್ ಬಡಿದುಕೊಂಡು ನಕ್ಕಿತು. ಫೋಟೋಗ್ರಾಫರ್ ತಡೆಯಲಾಗದೆ ಒಂದು ಫೋಟೋ ಹೊಡೆದೇ ಬಿಟ್ಟ. ಅದು ಮರುದಿನ ಪೇಪರಿನಲ್ಲಿ ಬಂತು. ಬಕೆಟ್ಟುಗಳ ಉದ್ದನೆಯ ಸಾಲಿನ ಕೊನೆಯಲ್ಲಿ ನಿಂತು ಮೆಂಬರ್ ಸಾಹೇಬರು ಹಲ್ಲು ಕಿರಿಯುತ್ತಿದ್ದರು. ಕೆಳಗೆ, ಜನಸಾಮಾನ್ಯರ ಸಾಲಿನಲ್ಲಿ ನಿಂತ ಸರಳ ನಾಯಕ ಎಂದು ಹಾಕಿದ್ದರು. ಹಾಕಲಿ ಬಿಡಿ. ಬೀಗ ಹಾಕಲಿಲ್ಲವಲ್ಲ.

ಫೋಟೋ ಆದ ಮೇಲೆ ಸಾಹೇಬರು ಗಡಿಯಾರ ನೋಡಿಕೊಂಡು ಕಾರಿನ ಕಡೆ ಹೊರಟ ತಕ್ಷಣ, ಪಿಎ ಕೋಟು ಎತ್ತಿಕೊಳ್ಳಲು ಬಗ್ಗಿದ. "ಇರ್ಲಿ ಬಿಡೋ" ಎಂದರು ಸಾಹೇಬರು, ಜನ ಕೇಳುವ ಹಾಗೆ. "ನನ್ನ ಸರದಿ ಬಂದಾಗ ಬರ್ತೀನಿ." ಬಾಯಿಮಾತಿಗೆ ಹೇಳಿದ್ದು. ಆದರೆ ಹಿಂದಿನ ಓಣಿಯಲ್ಲಿ ಸಾಲಿನ ವಿಷಯಕ್ಕೆ ಬಾಯಿಮಾತು ಎಂಬುದಿಲ್ಲ.

ಅಂಗಡಿಯ ಯಜಮಾನ ಕುರ್ಚಿಯಕ್ಕನನ್ನು ಕೆಲಸದಿಂದ ತೆಗೆದ. ಮದುವೆಗಳ ಕಾಲ ಶುರುವಾಗಿ, ಹೊಸ ಆಳುಗಳು ಕುತ್ತಿಗೆ ಉಳುಕಿಸಿಕೊಂಡು ಮಲಗಿದ ಮೇಲೆ ಮತ್ತೆ ಕರೆದ. ಅವಳು ಹೋದಳು, ಹೊಟ್ಟೆ ಕೇಳುವುದಿಲ್ಲವಲ್ಲ. ಆದರೆ ಈಗ ಕುರ್ಚಿ ಹಾಕಿ ಮುಗಿಸಿದ ಮೇಲೆ ಕೊನೆಯದರಲ್ಲಿ ತಾನು ಕೂರುತ್ತಾಳೆ. ಯಜಮಾನ ನೋಡಿದರೂ ನೋಡದ ಹಾಗೆ ಇರುತ್ತಾನೆ. ಅತ್ತೆ ದಿನಕ್ಕೆ ಚೊಂಬುಗಟ್ಟಲೆ ನೀರು ಕುಡಿದು, ಬೈಗುಳದ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿದ್ದಾಳೆ.

ಕೋಟು ಸಾಲಿನಲ್ಲೇ ಇದೆ. ಬಿಸಿಲಿಗೆ ಬೂದು ಬಣ್ಣ ಇನ್ನಷ್ಟು ಬೂದಾಗಿದೆ. ಒಂದು ಬೆಕ್ಕು ಅದರ ಮೇಲೆ ಮರಿ ಹಾಕಿ, ಮರಿಗಳನ್ನು ಕಚ್ಚಿಕೊಂಡೂ ಹೋಯಿತು. ಯಾರೂ ಕದಿಯುವುದಿಲ್ಲ, ಯಾರೂ ದಾಟುವುದಿಲ್ಲ. ದಿನಾ ಬೆಳಗ್ಗೆ ಅದರ ಸರದಿ ಬರುತ್ತದೆ. ಅತ್ತೆ ಹೊಸ್ತಿಲ ಮೇಲಿಂದ ಕತ್ತೆತ್ತಿ ಕೂಗುತ್ತಾಳೆ.

"ಮೆಂಬರ್ ಸಾಹೇಬ್ರೇ! ನಿಮ್ಮ ಸರದಿ!"

ಅವಸರ ಇದ್ದವರೂ ಕಾಲು ಬಿಗಿಹಿಡಿದು ಕಾಯುತ್ತಾರೆ. ನ್ಯಾಯ ಎಂದರೆ ನ್ಯಾಯ, ಎಲ್ಲರಿಗೂ ಒಂದೇ. ಓಣಿಯ ತುದಿಯನ್ನು ಎಲ್ಲರೂ ನೋಡುತ್ತಾರೆ. ಯಾರೂ ಬರುವುದಿಲ್ಲ.

"ಬರಲಿಲ್ಲ" ಎನ್ನುತ್ತಾಳೆ ಅತ್ತೆ. "ಕೊನೆಗೆ ಹಾಕು."

ಕುರ್ಚಿಯಕ್ಕ ಕೋಟನ್ನು ಎತ್ತಿ, ಧೂಳು ಕೊಡವದೆ, ಕೊನೆಯ ಬಕೆಟಿನ ಹಿಂದೆ ಇಡುತ್ತಾಳೆ. ಮುಂದಿನವರು ಒಳಗೆ ಹೋಗುತ್ತಾರೆ.